ಮಂಗಳೂರಿನ ಅಕ್ಕೋರ ಸೊಕ್ಕು

ಬ್ಯಾಡಗಿಗೆ ಬಂದ ಮೊದಲ ಭಾನುವಾರ, ಇಲ್ಲಿನ ಪ್ರಾರ್ಥನಾ ಮನೆಯಲ್ಲಿ ಆರಾಧನೆಯ ನಡುವೆ ಒಬ್ಬ ಮುದುಕಿ ಎದ್ದು ನಿಂತು, ಕಳೆದುಹೋದ ತನ್ನ ಆಡನ್ನು ಹುಡುಕಿಕೊಡು ಎಂದು ದೇವರನ್ನು ಕೇಳಿದಳು. ಆಡಿನ ಬಣ್ಣ ಹೇಳಿದಳು, ಮುರಿದ ಎಡಗೊಂಬಿನ ಗುರುತು ಹೇಳಿದಳು, ಕಡೆಯ ಸಲ ಕಂಡದ್ದು ಮೋಟೆಬೆನ್ನೂರಿನ ದಾರಿಯಲ್ಲಿ ಎಂದೂ ತಿಳಿಸಿದಳು. ಠಾಣೆಯಲ್ಲಿ ದೂರು ಬರೆಸುವವರೂ ಇಷ್ಟು ವಿವರ ಕೊಡಲಾರರು. ತಗಡಿನ ಚಾವಣಿಯ ಆ ಕೋಣೆಯಲ್ಲಿ ಚಾಪೆಯ ಮೇಲೆ ಕುಳಿತವರೆಲ್ಲ ಗಂಭೀರವಾಗಿ "ಆಮೆನ್" ಅಂದರು. ನಾನು ನಗು ತಡೆಯಲು ಬಾಯಿಗೆ ಸೆರಗು ಹಿಡಿದೆ. ಮೆಣಸಿನಕಾಯಿಯ ಘಾಟಿಗೆ ಕೆಮ್ಮು ಬಂತೆಂದುಕೊಂಡು ಪಕ್ಕದವಳು ನೀರು ತಂದುಕೊಟ್ಟಳು.

ಇದನ್ನು ಮಂಗಳೂರಿನಲ್ಲಿ ಕುಳಿತು ಓದುವಾಗ ನೀವೂ ನಕ್ಕಿರುತ್ತೀರಿ. ಹಾಗೆ ನಗುವುದನ್ನು ನಿಮಗೆ ಕಲಿಸಿದವಳು ನಾನೇ. ಮೂವತ್ತು ವರ್ಷ ನಮ್ಮ ಚರ್ಚಿನಲ್ಲಿ ಭಾನುವಾರದ ಶಾಲೆ ನಡೆಸಿ, ತಪ್ಪು ಉಚ್ಚಾರಣೆಗೆ ಮಕ್ಕಳ ಕಿವಿ ಹಿಂಡಿದವಳು.

ನಾವು ಇಲ್ಲಿಗೆ ಬಂದದ್ದು ಎರಡು ಸಾವಿರದ ಐದರಲ್ಲಿ. ಬಂದರಿನ ಮಂಜುಗಡ್ಡೆ ಕಾರ್ಖಾನೆಯಲ್ಲಿ ಯಂತ್ರ ನೋಡಿಕೊಳ್ಳುತ್ತಿದ್ದ ನನ್ನ ಗಂಡನಿಗೆ ಇಲ್ಲಿನ ಶೀತಲಗೃಹದಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಮೀನು ತಣ್ಣಗಿಡುತ್ತಿದ್ದವರು ಇಲ್ಲಿ ಮೆಣಸಿನಕಾಯಿ ತಣ್ಣಗಿಡತೊಡಗಿದರು. ನನಗೆ ಐವತ್ತೇಳಾಗಿತ್ತು. ಕುಚ್ಚಲಕ್ಕಿ ಸಿಗದ ಊರು, ನಾಲ್ಕು ದಿನಕ್ಕೊಮ್ಮೆ ನೀರು ಬಿಡುವ ಊರು. ಮನೆ ತೋರಿಸಿದ ಯಜಮಾನತಿ ಮೊದಲು ಕೇಳಿದ್ದು, "ಮೀನ ತಿಂತೀರೇನ್ರಿ?" ಎಂದು. ಇಲ್ಲ ಎಂದು ಸುಳ್ಳು ಹೇಳಿ ಮನೆ ಹಿಡಿದೆವು. ಆಕೆ ಕಳಿಸಿದ ಜೋಳದ ರೊಟ್ಟಿಯನ್ನು ಮೊದಲ ತಿಂಗಳು ಹಸುವಿಗೆ ಹಾಕಿದೆ.

ಪ್ರಾರ್ಥನಾ ಮನೆಯ ಪಾಸ್ಟರು ವಾರವೆಲ್ಲ ಬಟ್ಟೆ ಹೊಲಿಯುವ ದರ್ಜಿ. ಇಲ್ಲಿನವರಿಗೆ ಸ್ವಲ್ಪ ಶಿಸ್ತು ಕಲಿಸೋಣವೆಂದು ಮಕ್ಕಳ ಕ್ಲಾಸು ನಾನೇ ವಹಿಸಿಕೊಂಡೆ. ಇಲ್ಲಿ ಟೀಚರಮ್ಮನಿಗೆ ಅಕ್ಕೋರು ಎನ್ನುತ್ತಾರೆ, ನಾನೂ ಅಕ್ಕೋರಾದೆ. ಕ್ಲಾಸಿಗೆ ಹೋದರೆ, ಮಕ್ಕಳ ಸಾಲಿನಲ್ಲಿ ಆಡು ಕಳೆದುಕೊಂಡ ಆ ಮುದುಕಿ ದ್ಯಾಮವ್ವ ಕಾಲು ಚಾಚಿ ಕುಳಿತಿದ್ದಾಳೆ. ಅವಳು ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೂಲಿ. ಅರವತ್ತೈದು ದಾಟಿದ ಮೇಲೆ, ಸೊಸೆಯ ಹಿಂದೆ ಪ್ರಾರ್ಥನೆಗೆ ಬಂದು ಅಲ್ಲೇ ಉಳಿದವಳು.

"ದೊಡ್ಡವರಿಗೆ ಆಚೆ ಕೋಣೆ," ಅಂದೆ.

"ಯೇಸಪ್ಪನ ಈ ಹೊಸಾ ಬಾಳಿನ್ಯಾಗ ನಾ ಹುಟ್ಟಿ ಎರಡ ವರ್ಷ ಆತ್ರಿ," ಅಂದಳು. "ಸಣ್ಣ ಹುಡುಗರ ಕೂಡ ಕುಂದ್ರತೇನಿ. ನೀವ ಹೇಳ್ರಿ."

ಮಕ್ಕಳಿಗೆ ಅದು ತಮಾಷೆ ಅನಿಸಲಿಲ್ಲ. ನನಗೆ ಮಾತ್ರ ಮೈ ಉರಿಯಿತು. ಅವಳಿಗೆ ಒಂದು ವಚನ ಬಾಯಿಪಾಠವಾಗಲು ಮೂರು ವಾರ ಬೇಕಾಗುತ್ತಿತ್ತು, ಆದರೆ ಪ್ರಶ್ನೆ ಮಾತ್ರ ವಾರಕ್ಕೆ ಹತ್ತು. ಒಂದು ದಿನ ಕ್ಲಾಸು ಮುಗಿದ ಮೇಲೆ ಹತ್ತಿರ ಬಂದಳು.

"ಅಕ್ಕೋರ, ನೀವು ಪುಸ್ತಕ ಹಿಡದ ಬಾಳ ಚಂದ ಪ್ರಾರ್ಥನಾ ಮಾಡತೀರಿ. ಆದ್ರ ಏನ ಕೇಳಿದ್ರಿ ಅನ್ನೂದ ತಿಳೀಲಿಲ್ಲ."

"ಲೋಕಕ್ಕೆ ಸಮಾಧಾನ ಕೇಳಿದೆ."

"ಅದು ಲೋಕಕ್ಕಾತು. ನಿಮಗ?"

"ನನಗೇನೂ ಬೇಕಾಗಿಲ್ಲ."

"ಏನೂ ಬ್ಯಾಡಾಗಿದ್ರ ಅವನ ಮನೀಗೆ ಯಾಕ ಬಂದೀರಿ?"

"ನಿನ್ನ ಆಡು ಸಿಕ್ಕಿತಾ?" ಎಂದು ಚುಚ್ಚಿದೆ. "ಇಲ್ರಿ," ಅಂದಳು. "ಸಿಗಲಿಲ್ಲ ಅಂತ ಅವಗ ಹೇಳೇನಿ. ಸಿಟ್ಟ ಬಂದೈತಿ ಅಂತಾನೂ ಹೇಳೇನಿ." ದೇವರ ಮೇಲೆ ಸಿಟ್ಟು ಮಾಡಿಕೊಂಡು ಮರುವಾರ ಅವನೆದುರೇ ಬಂದು ಕೂರುವ ಸಲಿಗೆ ನನಗಂತೂ ಗೊತ್ತಿರಲಿಲ್ಲ. ತಿಳಿಗೇಡಿತನ ಎಂದುಕೊಂಡೆ.

ಶ್ರಾವಣದ ಹೊತ್ತಿಗೆ ಅವಳು ನಮ್ಮ ಮನೆಗೂ ಬರತೊಡಗಿದಳು. ಗೋಡೆಯ ಮೇಲಿದ್ದ ಇಬ್ಬರು ಹುಡುಗಿಯರ ಫೋಟೋ ನೋಡಿ, ಯಾರೆಂದಳು. ನಾನು ಮತ್ತು ತಂಗಿ ಗ್ರೇಸಿ. ಗ್ರೇಸಿಯ ಮಗಳು ಶೀಲಾ ನಮ್ಮ ಮತದವನಲ್ಲದ ಹುಡುಗನನ್ನು ರಿಜಿಸ್ಟರ್ ಮದುವೆಯಾದಳು. ನಿನ್ನ ಹೊಸಿಲು ಇನ್ನು ತುಳಿಯುವುದಿಲ್ಲ ಎಂದು ನಾನು ತಂಗಿಗೆ ಕಾಗದ ಬರೆದೆ, ಹತ್ತು ವರ್ಷ ತುಳಿಯಲೂ ಇಲ್ಲ. ಇಷ್ಟನ್ನು ಚುಟುಕಾಗಿ ಹೇಳಿದೆ. ದ್ಯಾಮವ್ವ ನನ್ನ ಅಡುಗೆಮನೆಯ ಬಾಗಿಲಲ್ಲೇ ಕಣ್ಣು ಮುಚ್ಚಿದಳು.

"ಯೇಸಪ್ಪಾ, ಈ ಅಕ್ಕೋರಿಗೆ ಬಾಳ ಸೊಕ್ಕ ಐತಿ. ತಾವ ಇಳಿಸ್ಕೊಳ್ಳಾಕ ಅವರಿಗೆ ಬರೂದಿಲ್ಲ. ನೀನ ಇಳಿಸು. ಲಗೂ ಇಳಿಸು."

ಕಣ್ಣು ತೆರೆದು, ಚಹಾ ಇದೆಯೇ ಎಂದು ಕೇಳಿದಳು. ಚಹಾ ಕೊಟ್ಟೆ, ಮಾತು ಬಿಟ್ಟೆ.

ಆಮೇಲೆ ಮೂರು ಭಾನುವಾರ ಬಸ್ಸು ಹತ್ತಿ ರಾಣೆಬೆನ್ನೂರಿನ ಒಂದು ಚರ್ಚಿಗೆ ಹೋದೆ. ಅಲ್ಲಿ ಬೆಂಚಿತ್ತು, ಗೀತೆಯ ಪುಸ್ತಕವಿತ್ತು, ಕೂರುವುದಕ್ಕೂ ಏಳುವುದಕ್ಕೂ ಕ್ರಮವಿತ್ತು. ನಮ್ಮವರು ಸಿಕ್ಕರು ಎಂದು ಮೊದಲ ವಾರ ಕಣ್ಣು ತುಂಬಿತು. ಮೂರನೆಯ ವಾರ, ಪಾಪದ ಅರಿಕೆಯನ್ನು ಎಲ್ಲರೊಡನೆ ಓದುತ್ತಿದ್ದಾಗ, ಅದರಲ್ಲಿ ಬರುವುದೆಲ್ಲ 'ನಾವು' ಎಂಬುದು ಗಮನಕ್ಕೆ ಬಂತು. ಐವತ್ತು ವರ್ಷ ನಾನು ಆ 'ನಾವು' ಎಂಬ ಗುಂಪಿನ ಹಿಂದೆ ಆರಾಮವಾಗಿ ನಿಂತಿದ್ದೆ. ಪಾಪ ಮಾಡುತ್ತಿದ್ದವರು ಯಾವಾಗಲೂ ಪಕ್ಕದ ಬೆಂಚಿನವರು.

ಅಂದು ಮಧ್ಯಾಹ್ನ ಮನೆಗೆ ಬಂದಾಗ ಗಂಡ ಕೆಲಸಕ್ಕೆ ಹೋಗಿದ್ದರು. ಅಡುಗೆಮನೆಯ ನೆಲದ ಮೇಲೆ ಕುಳಿತೆ. ಪುಸ್ತಕವಿಲ್ಲದೆ ಪ್ರಾರ್ಥಿಸಲು ಹೋದೆ. "ಪರಮ ಕರುಣಾಮಯನಾದ" ಎಂದು ಪುಸ್ತಕದ ಮಾತನ್ನೇ ಶುರು ಮಾಡಿ ನಿಲ್ಲಿಸಿದೆ. ನನ್ನ ಬಗ್ಗೆಯೇ ಹೇಸಿಗೆಯಾಯಿತು. ಮಕ್ಕಳ ಕಿವಿ ಹಿಂಡಿದವಳಿಗೆ ಒಂದು ಸ್ವಂತ ವಾಕ್ಯ ಬಾರದು. ಕಡೆಗೆ, "ನನಗೆ ಗ್ರೇಸಿ ಬೇಕು," ಅಂದೆ. ಅಷ್ಟೇ ಅಂದದ್ದು. ಆಮೇಲೆ ಆಟಿಕೆ ಕಳೆದುಕೊಂಡ ಮಗುವಿನಂತೆ ಅತ್ತೆ. ಅಳು ನಿಂತಾಗ ಎದೆ ಹಗುರವಾಗಿತ್ತು, ಯಾರೋ ಕೇಳಿಸಿಕೊಂಡಿದ್ದಾರೆ ಎಂಬುದರಲ್ಲಿ ಸಂಶಯವಿರಲಿಲ್ಲ. ಬುದ್ಧಿವಂತರಾದ ನೀವು ಇದಕ್ಕೆ ಏನಾದರೂ ಹೆಸರಿಟ್ಟುಕೊಳ್ಳಿ.

ಫೋನು ಮಾಡಿದೆ. ನನ್ನ ದನಿ ಗುರುತಿಸಿದ ಗ್ರೇಸಿ ಮೊದಲು ಕೇಳಿದ್ದು, "ಎಂತ ಅಕ್ಕ, ನಿಂಗೆ ಹುಷಾರಿಲ್ವಾ?"

"ಹುಷಾರಿದ್ದೇನೆ. ತಪ್ಪು ನನ್ನದು."

"ಅಷ್ಟು ಹೇಳ್ಲಿಕ್ಕೆ ನಿಂಗೆ ಹತ್ತು ವರ್ಷ ಬೇಕಾಯ್ತಾ?" ಎಂದು ಫೋನು ಇಟ್ಟಳು. ಎರಡು ದಿನ ಬಿಟ್ಟು ತಾನೇ ಮಾಡಿ, "ಕ್ರಿಸ್ಮಸಿಗೆ ಬಾ," ಅಂದಳು.

ಮರುಭಾನುವಾರ ಮಕ್ಕಳ ಕ್ಲಾಸಿನಲ್ಲಿ ದ್ಯಾಮವ್ವನಿಗೆ ವಿಷಯ ತಿಳಿಸಿದೆ. ಅವಳಿಗೆ ಆಶ್ಚರ್ಯವೇ ಆಗಲಿಲ್ಲ. "ಸರೀರಿ, ಇನ್ನ ಪಾಠ ಹೇಳ್ರಿ," ಅಂದಳು. ಅವಳ ಪಕ್ಕ ಚಾಪೆಯ ಮೇಲೆ ಕುಳಿತೇ ಪಾಠ ಹೇಳಿದೆ.

ನಾನೇನೂ ಪೂರ್ತಿ ಬ್ಯಾಡಗಿಯವಳಾಗಿಲ್ಲ. ಇವರ ರಾಗ ತಪ್ಪಿದ ಹಾಡಿಗೆ ಈಗಲೂ ಹಲ್ಲು ಕಚ್ಚುತ್ತೇನೆ. ನಾನು ಬಾಯಿ ತೆರೆದರೆ "ಅಕ್ಕೋರದು ಮಂಗಳೂರ ಪ್ರಾರ್ಥನಾ" ಎಂದು ಇವರೂ ಮುಸಿಮುಸಿ ನಗುತ್ತಾರೆ.

ಕ್ರಿಸ್ಮಸಿನ ದಿನ ಮಂಗಳೂರಿನ ಗ್ರೇಸಿಯ ಮನೆಯಲ್ಲಿ ಚರ್ಚಿನ ಹಳೆಯ ಗೆಳತಿಯರೂ ಇದ್ದರು. ಶೀಲಾಳ ಗಂಡ ನನ್ನ ಬಟ್ಟಲಿಗೆ ಮೀನು ಬಡಿಸಿದ. ಹಿರಿಯಳೆಂದು ಪ್ರಾರ್ಥನೆ ನನ್ನ ಪಾಲಿಗೆ ಬಂತು. "ಯೇಸಪ್ಪಾ, ಈ ಹುಡುಗನನ್ನು ನಾನು ಹತ್ತು ವರ್ಷ ತುಚ್ಛವಾಗಿ ಕಂಡೆ. ಅವನು ನನಗೆ ಮೀನು ಬಡಿಸಾಕತ್ತಾನೆ. ನಾಚಿಕೆ ಆಗುತ್ತದೆ," ಅಂದೆ. ಕಣ್ಣು ತೆರೆದರೆ ಗೆಳತಿಯರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು.

"ದೊಡ್ಡಮ್ಮ, ಇದು ಯಾವ ಊರಿನ ಭಾಷೆ?" ಎಂದು ಶೀಲಾ ಕೇಳಿದಳು.

"ಎರಡೂ ಊರಿನದ್ದಲ್ಲ ಮಗಾ," ಅಂದೆ. "ನನಗಿನ್ನೂ ಸರಿಯಾಗಿ ಮಾತು ಬರುವುದಿಲ್ಲ."