ನೀರಿನಲ್ಲಿ ಅಕ್ಷರ ತಿದ್ದಿಸುವ ಜೊಹರಾಬಿ

ಬೆಳಗಿನ ಆರೂಕಾಲು. ಯಲ್ಲಾಪುರದ ಲಾರಿ ನಿಲ್ಲುವ ಓಣಿಯಲ್ಲಿ ಜೊಹರಾಬಿ ತಮ್ಮ ಜಗಲಿಯ ಕಡಪಾ ಕಲ್ಲುಗಳನ್ನು ಒರೆಸುತ್ತಿದ್ದಾರೆ. ಒಂಬತ್ತು ಮಕ್ಕಳು ಕುಂಚ ಹಿಡಿದು ಕೂತಿದ್ದಾರೆ. ಮಸಿ ಇಲ್ಲ, ಟಾಕಿನ ಲೇಖನಿ ಇಲ್ಲ. ಎಲ್ಲರ ನಡುವೆ ಒಂದು ಕೊಡ ನೀರು. ಕುಂಚವನ್ನು ನೀರಿಗೆ ಅದ್ದಿ ಕಲ್ಲಿನ ಮೇಲೆ ಬರೆಯಬೇಕು, ಅದು ಆರುವುದರೊಳಗೆ ಎಲ್ಲಿ ಕೆಟ್ಟಿತೆಂದು ಬರೆದವರೇ ಹೇಳಬೇಕು. ಹೊತ್ತೇರಿದರೆ ಕಲ್ಲು ಕಾದು, ಅಕ್ಷರ ನೋಡುವ ಮೊದಲೇ ಆರಿಹೋಗುತ್ತದೆ. ಅದಕ್ಕೇ ಈ ಮುಂಜಾನೆಯ ಪಾಠ.

ಮೊದಲೇ ಹೇಳಿಬಿಡುತ್ತೇನೆ, ಈ ಹೆಂಗಸಿನ ಮೇಲೆ ನನಗೆ ಹೊಟ್ಟೆಕಿಚ್ಚು. ರಾಜ್ಯ ಒಂದಾದ ವರ್ಷ ಈ ಊರಿಗೆ ವರ್ಗವಾಗಿ ಬಂದ ಕನ್ನಡ ಶಾಲೆಯ ಮಾಸ್ತರ ನಾನು. ಅಕ್ಷರ ತಿದ್ದಿಸುವುದೇ ನನ್ನ ಅನ್ನ. ಮಗಳು ನೀಲಾಳ ಕಾಗೆಕಾಲು ಗುಬ್ಬಿಕಾಲಿನ ಬರಹವನ್ನು ಎರಡು ವರ್ಷ ರೂಲುದೊಣ್ಣೆ ಹಿಡಿದು ತಿದ್ದಿದೆ, ಒಂದು ಗೆರೆಯೂ ನೆಟ್ಟಗಾಗಲಿಲ್ಲ. ನನ್ನ ಹೆಂಡತಿ ನನಗೆ ಹೇಳದೆ ಅವಳನ್ನು ಇಲ್ಲಿಗೆ ಕಳಿಸಿದಳು. ಐದೇ ತಿಂಗಳಿಗೆ ನೀಲಾ ಮುತ್ತು ಪೋಣಿಸಿದ ಹಾಗೆ ಬರೆಯತೊಡಗಿದಳು. ಈಗ ಪತ್ರಿಕೆಯ ಪುರವಣಿಗೆ ಬರೆಯಲೆಂದು ಎಲೆಮರೆಯ ಕಾಯಿಯೊಂದನ್ನು ಹುಡುಕಹೊರಟರೆ ಊರವರೆಲ್ಲ ಇವರ ಹೆಸರನ್ನೇ ಹೇಳಬೇಕೆ?

ಜೊಹರಾಬಿ ಓದಿದ್ದು ನಾಲ್ಕನೇ ಇಯತ್ತೆ. ತಂದೆ ಬಷೀರ್ ಸಾಹೇಬರು ಲಾರಿಗಳ ಮೇಲೆ ಹೆಸರು ಬರೆಯುತ್ತಿದ್ದ ಪೇಂಟರು. ಬಣ್ಣ ಹಾಳುಮಾಡುವಂತಿರಲಿಲ್ಲ, ಮಗಳಿಗೆ ನೀರು ಕೊಟ್ಟು ಕಲಿಸಿದರು. ಗಂಡ ಗನಿ ಮರದ ನಾಟಾ ಸಾಗಿಸುವ ಲಾರಿಯಿಂದ ಬಿದ್ದು ಕಾಲು ಮುರಿದುಕೊಂಡು ಮನೆಯಲ್ಲಿದ್ದಾರೆ; ಹಗಲೆಲ್ಲ ಜೊಹರಾಬಿಯ ಹೊಲಿಗೆ ಮಶಿನ್ನೇ ಮನೆ ನಡೆಸುತ್ತದೆ. ಬೆಳಿಗ್ಗೆ ಮಾತ್ರ ಒಂದೂವರೆ ತಾಸು ಮಕ್ಕಳಿಗೆ. ದಿನಕ್ಕೊಂದೇ ಅಕ್ಷರ, ಮೂವತ್ತು ಸಲ.

"ನೀರಾದ್ರೆ ತಪ್ಪು ಉಳಿಯೂದಿಲ್ಲ, ಮಾಸ್ತರ್ರೆ," ಎನ್ನುತ್ತಾರೆ. "ಮಕ್ಕಳಿಗೆ ಹೆದರಿಕೆ ಹೋಗ್ತದೆ. ಹೆದರಿಕೆ ಹೋದ್ರೆ ಕೈ ತನ್ನಷ್ಟಕ್ಕೇ ಸಡಿಲ ಆಗ್ತದೆ."

ನನಗೆ ರೂಲುದೊಣ್ಣೆಯ ನೆನಪಾಗಿ ಸಿಟ್ಟು ಬರುತ್ತದೆ. ಅಷ್ಟರಲ್ಲಿ ಗೋಡೆಯ ತಂತಿಗೆ ಸಿಕ್ಕಿಸಿದ ಕಾಗದಗಳು ಕಣ್ಣಿಗೆ ಬೀಳುತ್ತವೆ. ನೀಲಾಳ ಅಕ್ಷರ. ಅವಳೀಗ ಶಿರಸಿಯಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಹೈಸ್ಕೂಲಿಗೆ ಹೋಗುತ್ತಾಳೆ. ಹೆತ್ತಪ್ಪನಿಗೆ ತಿಂಗಳಿಗೊಂದು ಕಾಗದ, ಇಲ್ಲಿ ನೋಡಿದರೆ ಒಂದು ಕಟ್ಟು.

"ಇಷ್ಟೆಲ್ಲ ನಿಮಗೆ ಬರೆದಳೇ?" ನನ್ನ ದನಿ ನನಗೇ ಹುಳಿಯೆನಿಸುತ್ತದೆ.

ಅವರು ಅನುಮಾನಿಸುತ್ತಲೇ ಕಟ್ಟನ್ನು ಕೈಗಿಡುತ್ತಾರೆ. ಮೊದಲ ಕಾಗದ 'ತೀರ್ಥರೂಪ ಅಪ್ಪನವರಿಗೆ' ಎಂದು ಶುರುವಾಗಿದೆ. ಎರಡನೆಯದೂ ಹಾಗೇ. ಎಲ್ಲವೂ ಹಾಗೇ.

"ನಿಮಗೆ ಬರೆಯೂ ಕಾಗದ ಮೊದ್ಲು ನನಗೆ ಬರ್ತದೆ," ಎನ್ನುತ್ತಾರೆ ಜೊಹರಾಬಿ, ಮೆಲ್ಲಗೆ. "ಅಪ್ಪನ ಕೈಗೆ ಕೆಟ್ಟ ಅಕ್ಷರ ಹೋಗ್ಬಾರ್ದು ಅಂತ ಅವಳಿಗೆ. ಎಲ್ಲಿ ಕೆಟ್ಟಿತು ಅಂತ ನಾನು ಬರೆದು ಕಳಸ್ತೇನೆ. ಒಮ್ಮೊಮ್ಮೆ ಮೂರು ಸಲ ಬರೀತಾಳೆ. ನಿಮಗೆ ಹೇಳ್ಬಾರ್ದಿತ್ತು."

ಒಂದು ಕಾಗದದಲ್ಲಿ, ಓರೆಯಾದ ಅಕ್ಷರಗಳಲ್ಲಿ, 'ನಾಲ್ಕು ದಿವಸದಿಂದ ಜ್ವರ, ಮನೆಗೆ ಬರಬೇಕು ಅನಿಸುತ್ತದೆ' ಎಂದಿದೆ. ನನಗೆ ಬಂದ ಪ್ರತಿಯಲ್ಲಿ ಆ ಸಾಲು ಇರಲಿಲ್ಲ. ನನಗೆ ಬಂದದ್ದು ಶುದ್ಧಬರಹ, ಇವರಿಗೆ ಬಂದದ್ದು ನನ್ನ ಮಗಳು. ಹೊಟ್ಟೆಕಿಚ್ಚು ಈಗ ಮೊದಲಿಗಿಂತ ಜಾಸ್ತಿ.

ಇಷ್ಟು ವರ್ಷ ಕಲಿಸಿ ನಿಮಗೆ ಸಿಕ್ಕಿದ್ದೇನು ಎಂದು ಕೊನೆಗೆ ಕೇಳುತ್ತೇನೆ. ಅವರು ಕಾಗದಗಳನ್ನು ನನ್ನ ಕೈಯಿಂದ ತೆಗೆದುಕೊಂಡು ಅಂಚು ಸರಿಮಾಡುತ್ತಾರೆ.

"ಚೆಂದದ್ದು ಯಾರಿಗೆ ಬೇಕಾದ್ರೂ ಬರೀಲಿ, ಮಾಸ್ತರ್ರೆ. ಕೆಟ್ಟದ್ದು ಕಳಸ್ಲಿಕ್ಕೆ ನಾನಿದ್ದೇನೆ ಅಂತ ಮಕ್ಕಳಿಗೆ ಗೊತ್ತದೆ. ಅಷ್ಟು ಸಾಕು ನಂಗೆ."