ಅಜ್ಜಿಯ ಪಿಯಾನೊದಲ್ಲಿ ಗುಂಯ್ ಎನ್ನುತ್ತಿದ್ದ ಕೀ

ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವಳು, ಮಾತುಗಳೂ ಕಡಿಮೆ. ಕ್ಷಮಿಸಿ ಓದಬೇಕು. ತಂತಿ ಅಕ್ಕನ ಬಗ್ಗೆ ಕಂಡದ್ದು, ಕೇಳಿದ್ದು ಎರಡನ್ನಷ್ಟೇ ಬರೆಯುತ್ತೇನೆ.

ತಂತಿ ಅಕ್ಕ ಹಳೆಯ ಪಿಯಾನೊಗಳನ್ನು ರಿಪೇರಿ ಮಾಡಿ ಶ್ರುತಿ ಕೂಡಿಸುವವರು. ಮೊದಲು ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದರಂತೆ. ಒಮ್ಮೆ ಗಿರಾಕಿಯ ಮನೆಯಲ್ಲಿ ಮುಂದಿನ ಹಲಗೆ ಬಿಚ್ಚಿದ ಪಿಯಾನೊ ಕಂಡು, "ಇದರೊಳಗೆ ಇಷ್ಟೆಲ್ಲಾ ಇದೆಯಾ!" ಎಂದು ನೆಲದ ಮೇಲೆ ಕೂತವರು ಸಂಜೆಯವರೆಗೂ ಏಳಲಿಲ್ಲವಂತೆ.

ನಮ್ಮ ಅಜ್ಜಿಯ ಪಿಯಾನೊ ಗೋಡೆಗೆ ಆನಿಸಿ ನಿಲ್ಲಿಸುವ ಬಗೆಯದು, ಅಜ್ಜಿಗಿಂತ ಹಳೆಯದು. ಅವರು ನಲವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ್ದು ಅದರ ಮೇಲೆಯೇ. ಈಗ ಹನ್ನೊಂದು ಕೀಗಳು ಮೂಕವಾಗಿದ್ದವು. ಚಿಕ್ಕಪ್ಪ ಗಡುವು ಕೊಟ್ಟರು: "ಶನಿವಾರದೊಳಗೆ ಸರಿಯಾದ್ರೆ ಇರ್ಲಿ ಅಮ್ಮ. ಇಲ್ದಿದ್ರೆ ಬಡಗಿ ಬಂದು ಹಲಗೆ ಬಿಚ್ಕೊಂಡು ಹೋಗ್ತಾನೆ. ಆ ಜಾಗಕ್ಕೆ ಬೀರು ಬರತ್ತೆ." ಅಜ್ಜಿ ಅಂದು ಊಟ ಅರ್ಧಕ್ಕೇ ಬಿಟ್ಟರು.

ತಂತಿ ಅಕ್ಕ ಬಂದು ಕೀಗಳನ್ನೆಲ್ಲ ತೆಗೆದು ನೆಲದ ಮೇಲೆ ಸಾಲಾಗಿ ಜೋಡಿಸಿದರು. ಮೊದಲ ಕೀಯ ಪಕ್ಕೆಯಲ್ಲಿ ಹಿಂದೆ ರಿಪೇರಿ ಮಾಡಿದವರು ಪೆನ್ಸಿಲ್ಲಿನಲ್ಲಿ ಬರೆದ ತಾರೀಖುಗಳಿದ್ದವು. ಕೀಗಳ ಅಡಿಯಲ್ಲಿ ಸಿಕ್ಕ ಹೇರ್‌ಪಿನ್ನು, ಗುಂಡಿ, ಸೂಜಿಗಳನ್ನು ಒಂದು ತಗಡಿನ ಡಬ್ಬಿಗೆ ಹಾಕಿದರು. ಪಿಯಾನೊದೊಳಗೆ ಸಿಕ್ಕಿದ್ದನ್ನು ಒಂದೂ ಬಿಡದೆ ಕೊನೆಯ ದಿನ ಮನೆಯವರ ಕೈಗೊಪ್ಪಿಸುವುದು ಅವರ ಪದ್ಧತಿ.

ನುಸಿ ತಿಂದ ಉಣ್ಣೆಪಟ್ಟಿಗಳನ್ನು ಬದಲಾಯಿಸಿ ತಂತಿ ಬಿಗಿಸತೊಡಗಿದರು. ಹೆಚ್ಚಿನ ಸ್ವರಗಳಿಗೆ ಮೂರು ಮೂರು ತಂತಿ. ಒಂದನ್ನು ಸರಿ ಮಾಡಿ, ಉಳಿದೆರಡರ ಶ್ರುತಿಯನ್ನು ಅದಕ್ಕೆ ಸೇರಿಸಬೇಕು. ಸೇರುವ ಮುಂಚೆ ಸದ್ದು ಅಲೆಯಂತೆ ತೂಗುತ್ತದೆ. ಅಲೆ ನಿಧಾನವಾಗಿ ನಿಂತುಬಿಟ್ಟರೆ ಕೂಡಿತು ಎಂದರ್ಥ. ಬಾಗಿಲ ಹಿಂದೆ ನಿಂತು ನಾನೂ ಅದನ್ನು ಕೇಳಲು ಕಲಿತೆ.

ಶುಕ್ರವಾರದ ಹೊತ್ತಿಗೆ ಎಲ್ಲವೂ ಸರಿಯಾಯಿತು, ನಡುವಿನ ಒಂದು ಕೀ ಬಿಟ್ಟು. ಒತ್ತಿದರೆ ಸ್ವರದ ಹಿಂದೆಯೇ ಗುಂಯ್!

"ಯಾರಮ್ಮ ಇದರೊಳಗೆ ಜೇನು ಸಾಕಿರೋದು?" ಎಂದರು ತಂತಿ ಅಕ್ಕ. "ಪಿಯಾನೊ ಹಾಡಿದ್ರೆ ಕೋಣೇಲಿರೋ ಸಾಮಾನೂ ದನಿಗೂಡಿಸತ್ತೆ. ಎಲ್ಲಾ ಆಚೆ ಹಾಕಿ."

ಫೋಟೋ, ಗಡಿಯಾರ, ಲೋಟ ಹೊರಗೆ ಹೋದವು. ಅಜ್ಜಿಯ ಬಳೆಯನ್ನೂ ಬಿಡಲಿಲ್ಲ. ಗುಂಯ್ ಹೋಗಲಿಲ್ಲ. ಕತ್ತಲಾಗುವವರೆಗೆ ಒಂದೊಂದೇ ಸ್ಕ್ರೂ ಬಿಗಿಸಿ, ಮುಖ ಸಪ್ಪೆ ಮಾಡಿಕೊಂಡು ಡಬ್ಬಿ ಸಮೇತ ಸಾಮಾನು ಎತ್ತಿಕೊಂಡು ಹೊರಟರು.

ಅವರು ಹೋದ ಮೇಲೆ ನಾನು ಮೆಲ್ಲಗೆ ಆ ಕೀ ಒತ್ತಿದೆ. ಗುಂಯ್ ಇಲ್ಲ. ಮೂರು ಸಲ ಒತ್ತಿದೆ. ಇಲ್ಲ.

ಶನಿವಾರ ಬೆಳಿಗ್ಗೆ ಅವರು ಬಂದು ಕೂತು ಒತ್ತಿದರೆ ಮತ್ತೆ ಗುಂಯ್. ಚಿಕ್ಕಪ್ಪ ಟೇಪು ಹಿಡಿದು ಗೋಡೆ ಅಳೆಯುತ್ತಿದ್ದರು. ನನಗೆ ವಿಷಯ ಹೊಳೆದಿತ್ತು, ಹೇಳಲು ಬಾಯಿ ಬರಲಿಲ್ಲ. ತಂತಿ ಅಕ್ಕನ ತಲೆ ಪಿಯಾನೊದ ಹೊಟ್ಟೆಯೊಳಗಿದ್ದಾಗ, ಅವರ ಕಾಲ ಬಳಿಯಿದ್ದ ಡಬ್ಬಿಯನ್ನು ಜಗುಲಿಗೆ ಒಯ್ದಿಟ್ಟೆ. ಅಜ್ಜಿ ಒತ್ತಿದರು. ಸ್ವರ ತಿಳಿನೀರಿನಂತೆ ಬಂತು.

"ಅಬ್ಬಾ, ಸರಿಹೋಯ್ತು!" ಎಂದರು ಅಜ್ಜಿ.

ತಂತಿ ಅಕ್ಕನಿಗೆ ಸಮಾಧಾನವಿಲ್ಲ. "ನಾನಿನ್ನೂ ಏನೂ ಮಾಡೇ ಇಲ್ವಲ್ಲ! ಕಾರಣ ಗೊತ್ತಿಲ್ದೆ ಹೋಗಿದ್ದು ಹಾಗೇ ವಾಪಸ್ ಬರತ್ತೆ. ಪೂರ್ತಿ ಬಿಚ್ಚಿ ನೋಡ್ತೀನಿ. ನಾಲ್ಕು ದಿನ ಕೊಡಿ."

"ನಾಲ್ಕು ದಿನಾನಾ? ಬಡಗಿ ಮಧ್ಯಾಹ್ನ ಬರ್ತಾನೆ!" ಎಂದರು ಚಿಕ್ಕಪ್ಪ.

ಅಜ್ಜಿಯ ಕೈ ಕೀಗಳ ಮೇಲೆ ಹಾಗೇ ನಿಂತಿತು. ಇನ್ನು ಸುಮ್ಮನಿರಲಾಗಲಿಲ್ಲ. ಡಬ್ಬಿ ತಂದು ಮೊದಲಿದ್ದ ಜಾಗದಲ್ಲೇ ಇಟ್ಟು ಕೀ ಒತ್ತಿದೆ. ಗುಂಯ್! ಎತ್ತಿಕೊಂಡು ಹೊರಗಿಟ್ಟು ಬಂದು ಮತ್ತೆ ಒತ್ತಿದೆ. ಇಲ್ಲ.

ತಂತಿ ಅಕ್ಕ ಬಾಯಿ ತೆರೆದು ನೋಡಿದರು. "ಅಯ್ಯೋ, ಅಮ್ಮನ ಬಳೆ ತೆಗೆಸ್ದೆ. ನನ್ನ ಡಬ್ಬಿ ಮಾತ್ರ ಮದುಮಗಳ ಥರ ಕೂತಿತ್ತಲ್ಲೇ!"

"ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲಾ ಹುಡುಕಿದ್ರಂತೆ," ಅಜ್ಜಿ ನಕ್ಕು ನಕ್ಕು ಕಣ್ಣೊರೆಸಿಕೊಂಡರು.

ಚಿಕ್ಕಪ್ಪ ಟೇಪು ಸುತ್ತಿ ಜೇಬಿಗಿಟ್ಟು, "ಬೀರು ನನ್ನ ತಲೆ ಮೇಲೆ ಇಟ್ಕೋತೀನಿ ಬಿಡಿ," ಎಂದು ಬಡಗಿಗೆ ಫೋನು ಮಾಡಲು ಹೋದರು.

ಹೊರಡುವ ಮುನ್ನ ತಂತಿ ಅಕ್ಕ ಮೊದಲ ಕೀಯನ್ನು ಹೊರತೆಗೆದು ತಾರೀಖು ಬರೆದರು. ಪಕ್ಕದಲ್ಲಿ 'ಡಬ್ಬಿ ದೂರವಿಡಿ' ಎಂದೂ ಬರೆದರು.

ಆರು ತಿಂಗಳಿಗೆ ಅವರು ಮತ್ತೆ ಬರುತ್ತಾರೆ. ಅಲ್ಲಿಯವರೆಗೆ ನಾನು ದಿನವೂ ಬೆಳಿಗ್ಗೆ ಎಲ್ಲ ಕೀಗಳನ್ನೂ ಒತ್ತಿ ನೋಡಿ, ಯಾವುದರಲ್ಲಿ ಅಲೆ ಕೇಳಿಸಿತೆಂದು ಪುಸ್ತಕದಲ್ಲಿ ಬರೆದಿಡುತ್ತೇನೆ.