ಹನ್ನೊಂದು ದಿನ ಒಂದೇ ಗಾತ್ರ

ಕಚೇರಿಯವರು ಅವಳನ್ನು ಎದುರಿಗೆ ಅಕ್ಕ ಎನ್ನುತ್ತಿದ್ದರು, ಬೆನ್ನ ಹಿಂದೆ ಅನುಮಾನದಕ್ಕ. ಮನೆಯಲ್ಲೂ ಅದೇ ಕತೆ. ದರ್ಜಿಯಾಗಿದ್ದ ಗಂಡ ಬೀಗ ಹಾಕಿ ಕೆಳಗಿಳಿದರೆ ಇವಳು ಮತ್ತೆ ಮೆಟ್ಟಿಲು ಹತ್ತಿ ಬೀಗ ಎಳೆದು ನೋಡಿ ಬರುತ್ತಿದ್ದಳು. "ಕಳ್ಳ ಬರೋದಕ್ಕೆ ಮುಂಚೆ ನೀನೇ ಆ ಬೀಗ ಕಿತ್ತುಬಿಡ್ತೀಯ ಕಣೇ" ಎಂದು ಅವನು ನಗುತ್ತಿದ್ದ. ಅವಳಿಗೆ ನಗು ಬರುತ್ತಿರಲಿಲ್ಲ. ಅವಳ ಅಪ್ಪ ಮನೆಯ ಕಾಗದಪತ್ರಗಳನ್ನೂ ಅವುಗಳ ನಕಲುಗಳನ್ನೂ ಒಂದೇ ಟ್ರಂಕಿನಲ್ಲಿಟ್ಟಿದ್ದರು. ಗೆದ್ದಲು ಎರಡನ್ನೂ ಭೇದ ಮಾಡದೆ ತಿಂದಿತ್ತು.

ಕಂಪನಿ ಲಿಫ್ಟುಗಳನ್ನು ಮಾಡುತ್ತಿತ್ತು. ಹನ್ನೆರಡು ವರ್ಷ ನಕ್ಷೆಗಳ ಕಡತ ಕಾಯ್ದ ಮೇಲೆ ಮೆಟ್ಟಿಲ ಕೆಳಗಿನ ಕೋಣೆಯ ಸರ್ವರ್ ಅವಳ ಪಾಲಿಗೆ ಬಂತು. ನೂರನಲವತ್ತು ಜನರ ನಕ್ಷೆ, ಮಾತುಕತೆ, ಕೆಲಸದ ಪಟ್ಟಿ ಎಲ್ಲವೂ ಒಂದೇ ಸಾಫ್ಟ್‌ವೇರಿನಲ್ಲಿ, ಆ ಒಂದು ಯಂತ್ರದ ಹೊಟ್ಟೆಯಲ್ಲಿ. ಹೊರಗಿನವರ ಕೈಗೆ ಕೊಡದೆ ತಾವೇ ಇಟ್ಟುಕೊಂಡ ಮೇಲೆ ಅದರ ನಕಲು ಕಾಯುವುದೂ ತಮ್ಮದೇ ಹೊಣೆ. ಆ ಏರ್ಪಾಡನ್ನು ಆರು ವರ್ಷದ ಹಿಂದೆ ಮಾಡಿದವರು ಮ್ಯಾನೇಜರ್. ದಿನಾ ಬೆಳಗ್ಗೆ 'ಬ್ಯಾಕಪ್ ಯಶಸ್ವಿ' ಎಂದು ಒಂದು ಮೇಲ್ ಬರುತ್ತಿತ್ತು, ಹಸಿರು ಟಿಕ್ಕಿನ ಸಮೇತ.

ವರ್ಷವೊಂದು ಹೀಗೇ ಕಳೆದ ಮೇಲೆ ಒಂದು ದಿನ ಅವಳು ಆ ಮೇಲನ್ನು ಕೊನೆಯ ಸಾಲಿನವರೆಗೆ ಓದಿದಳು. ಕೆಳಗೆ ಡೇಟಾಬೇಸಿನ, ಅಂದರೆ ಹೆಸರು, ಮಾತುಕತೆ, ಒಪ್ಪಿಗೆಗಳ ದಾಖಲೆಯ, ನಕಲಿನ ಗಾತ್ರವಿತ್ತು. ಅದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಳು. ಮರುದಿನವೂ ಬರೆದಳು. ಹನ್ನೊಂದು ದಿನ ಬರೆದು ಮ್ಯಾನೇಜರ್ ಬಳಿ ಹೋದಳು.

"ಸರ್, ಇಷ್ಟು ಜನ ದಿನವಿಡೀ ಬರೀತಾರೆ, ಹರಟೆ ಹೊಡೀತಾರೆ. ನಕಲಿನ ಗಾತ್ರ ಮಾತ್ರ ಒಂದು ಚೂರೂ ಹೆಚ್ಚಾಗಿಲ್ಲ. ಹೇಗೆ?"

"ಹಸಿರು ಟಿಕ್ ಬಂದಿದೆ ತಾನೇ? ಆರು ವರ್ಷದಿಂದ ನಡೀತಿರೋದಕ್ಕೆ ಈಗ ಯಾಕಮ್ಮ ಕೈ ಹಾಕ್ತೀರಿ?"

ಹೀಗೆ ಹೇಳುವಾಗ ಅವರು ಅವಳ ಮುಖ ನೋಡಲಿಲ್ಲ. ಮಧ್ಯಾಹ್ನ ನೋಡಿದರೆ ಸರ್ವರ್ ಕೋಣೆಯ ಕೀಲಿ ಗೋಡೆಯ ಮೊಳೆಯಲ್ಲಿರಲಿಲ್ಲ. ಅದು ಮ್ಯಾನೇಜರ್ ಮೇಜಿನ ಡ್ರಾಯರ್ ಸೇರಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತಲ್ಲ ಎಂದುಕೊಂಡಳು. ಏನನ್ನೋ ಮುಚ್ಚಿಡುತ್ತಿದ್ದಾರೆ. ಏನನ್ನು?

ಕೀಲಿ ಇಲ್ಲದಿದ್ದರೂ ತನ್ನ ಮೇಜಿನಿಂದಲೇ ನಕಲನ್ನು ಇಳಿಸಿಕೊಳ್ಳಬಹುದಿತ್ತು. ಉಗ್ರಾಣದವನಿಂದ ಒಂದು ಹಳೆಯ ಕಂಪ್ಯೂಟರ್ ಬೇಡಿ ತಂದು, ಅದರಲ್ಲಿ ಸಾಫ್ಟ್‌ವೇರ್ ಹಾಕಿ, ನಕಲನ್ನು ತುಂಬಿಸಿದಳು. ನಕ್ಷೆಗಳೆಲ್ಲ ಬಂದವು. ಏನು ಮಾಡುತ್ತಿದ್ದಾಳೆಂದು ನೋಡಲು ಬಂದಿದ್ದ ಉಗ್ರಾಣದವನು ಕುತೂಹಲಕ್ಕೆ ತನ್ನ ಹೆಸರು ಹುಡುಕಿಸಿದ.

"ನಾನೇ ಇಲ್ವಲ್ಲಕ್ಕ?"

"ನೀವು ಕೆಲಸಕ್ಕೆ ಸೇರಿ ಎಷ್ಟು ತಿಂಗಳಾಯ್ತು?"

"ಏಳು."

ನಕಲಿನೊಳಗಿನ ಕೊನೆಯ ಮಾತುಕತೆ ಎಂಟು ತಿಂಗಳು ಹಳೆಯದು. ಆಮೇಲೆ ಬಂದ ನಕ್ಷೆಗಳಿದ್ದವು, ಆದರೆ ಯಾವುದು ಯಾರದು, ಯಾವುದಕ್ಕೆ ಒಪ್ಪಿಗೆಯಾಗಿದೆ ಎಂಬ ಒಂದು ಸಾಲೂ ಇರಲಿಲ್ಲ. ಇಷ್ಟು ದಿನ ಕಾಯ್ದದ್ದು ಕನ್ನಡಿಯೊಳಗಿನ ಗಂಟು.

ಎಂಟು ತಿಂಗಳ ಹಿಂದೆ ಮ್ಯಾನೇಜರ್ ಏನು ಮಾಡಿದರು? ಸಾಕ್ಷಿ ಹುಡುಕಲು ಅವಳು ಕೆಲಸದ ರಿಜಿಸ್ಟರ್ ತೆಗೆದಳು. ಪುಟ ಸಿಕ್ಕಿತು. 'ಡೇಟಾಬೇಸಿನ ಪಾಸ್‌ವರ್ಡ್ ಬದಲಿಸಲಾಗಿದೆ' ಎಂದು ಬರೆದಿತ್ತು. ಅಕ್ಷರ ಅವಳದೇ.

ನೆನಪಾಯಿತು. ಹಳೆಯ ಪಾಸ್‌ವರ್ಡ್ ಯಾರಿಗೋ ತಿಳಿದಿರಬಹುದೆಂಬ ಅನುಮಾನದಿಂದ ತಾನೇ ಬದಲಿಸಿದ್ದಳು. ಬ್ಯಾಕಪ್ಪಿಗೆ ಅದನ್ನು ತಿಳಿಸಲು ಮರೆತಿದ್ದಳು. ಅಂದಿನಿಂದ ಅದು ಹಳೆಯ ಪಾಸ್‌ವರ್ಡ್ ಹಿಡಿದು ಬಾಗಿಲು ಬಡಿದು, ಒಳಗೆ ಹೋಗಲಾಗದೆ, ಹಳೆಯ ನಕಲನ್ನೇ ಮತ್ತೆ ಅಳೆದು ಮೇಲ್ ಕಳಿಸುತ್ತಿತ್ತು. ನಕ್ಷೆಗಳಿಗೆ ಆ ಪಾಸ್‌ವರ್ಡ್ ಬೇಡವಾದ್ದರಿಂದ ಅವು ಮಾತ್ರ ಬರುತ್ತಿದ್ದವು. ಊರೆಲ್ಲ ಶೋಧಿಸಿದವಳಿಗೆ ದೀಪದ ಬುಡದ ಕತ್ತಲೆ ಕಂಡಿರಲಿಲ್ಲ.

ರಿಜಿಸ್ಟರಿನ ಹೊಲಿಗೆ ಸಡಿಲಾಗಿತ್ತು. ಒಂದು ಹಾಳೆ ಹೋದರೆ ಯಾರಿಗೂ ಗೊತ್ತಾಗುವಂತಿರಲಿಲ್ಲ. ಆ ಹಾಳೆಯ ಅಂಚನ್ನು ಹಿಡಿದುಕೊಂಡೇ ಸ್ವಲ್ಪ ಹೊತ್ತು ಕುಳಿತಿದ್ದಳು. ಆಮೇಲೆ ಪುಸ್ತಕವನ್ನು ಎತ್ತಿಕೊಂಡು ಹೋಗಿ ಮ್ಯಾನೇಜರ್ ಮುಂದೆ ತೆರೆದಿಟ್ಟಳು.

"ತಪ್ಪು ನನ್ನದು ಸರ್. ಎರಡು ದಿನ ನಿಮ್ಮ ಮೇಲೆ ಅನುಮಾನ ಪಟ್ಟೆ."

ಅವರು ಪುಟ ಓದಿ ಕನ್ನಡಕ ತೆಗೆದರು. "ನೀವು ನನ್ನ ಕುರ್ಚಿಗೆ ಕಣ್ಣು ಹಾಕಿದೀರಿ ಅಂದ್ಕೊಂಡಿದ್ದೆ. ಅದಕ್ಕೇ ಕೀಲಿ ಎತ್ತಿಟ್ಕೊಂಡೆ." ರಿಜಿಸ್ಟರ್ ಮುಚ್ಚಿ ಹೇಳಿದರು: "ಸೋತ್ರೂ ಗೆದ್ದೆ ಅಂತ ಮೇಲ್ ಕಳಿಸೋ ಹಾಗೆ ಬರೆದಿಟ್ಟವನು ನಾನೇ ಅಲ್ವಾ?"

ಅದೇ ವಾರ ಇಬ್ಬರೂ ಕುಳಿತು ಹೊಸ ಏರ್ಪಾಡು ಬರೆದರು. ಊಟದ ಹೊತ್ತಿನಲ್ಲಿ ಹತ್ತು ನಿಮಿಷ ಸಾಫ್ಟ್‌ವೇರ್ ನಿಲ್ಲಿಸಿ, ನಕ್ಷೆ ಮತ್ತು ಡೇಟಾಬೇಸ್ ಎರಡರ ನಕಲನ್ನೂ ಒಟ್ಟಿಗೆ ತೆಗೆಯುವುದು, ಒಂದಕ್ಕೊಂದು ತಾಳೆಯಾಗಬೇಕಲ್ಲ. ಒಂದು ನಕಲು ಇಲ್ಲೇ, ಇನ್ನೊಂದು ಊರಾಚೆಯ ವರ್ಕ್‌ಶಾಪಿನಲ್ಲಿ. ತಿಂಗಳಿಗೊಮ್ಮೆ ಹಳೆಯ ಕಂಪ್ಯೂಟರಿಗೆ ತುಂಬಿಸಿ ತೆರೆದು ನೋಡುವುದು. ಸರ್ವರ್ ಕೆಟ್ಟರೆ ನಕಲಿನಿಂದ ಎಲ್ಲವನ್ನೂ ಮತ್ತೆ ಕಟ್ಟುವ ಕ್ರಮವನ್ನು ಕಾಗದದ ಮೇಲೆ ಬರೆದಿಡುವುದು. ಊಟದ ಹೊತ್ತಿನಲ್ಲಿ ಹರಟೆ ನಿಂತಿತೆಂದು ನಾಲ್ಕೈದು ಜನ ಗೊಣಗಿದರು.

ನಾಲ್ಕು ತಿಂಗಳ ಮೇಲೆ ಒಂದು ಬುಧವಾರ, ಬೆಳಗ್ಗೆ ಹನ್ನೊಂದಕ್ಕೆ, ಮೆಟ್ಟಿಲ ಮೇಲಿನ ನೀರಿನ ಪೈಪ್ ಒಡೆಯಿತು. ಸರ್ವರ್ ಯಂತ್ರವೂ ಅದರ ಪಕ್ಕದ ನಕಲೂ ಒಟ್ಟಿಗೆ ತೊಯ್ದು ಸತ್ತವು. ವರ್ಕ್‌ಶಾಪಿನ ನಕಲನ್ನು ತರಿಸಿದರು. ಮ್ಯಾನೇಜರ್ ಕಾಗದ ಹಿಡಿದು ಒಂದೊಂದೇ ಸಾಲು ಗಟ್ಟಿಯಾಗಿ ಓದಿದರು, ಅವಳು ಮಾಡುತ್ತ ಹೋದಳು. ನಾಲ್ಕು ಗಂಟೆಗೆ ಎಲ್ಲರ ಪರದೆಯೂ ತೆರೆಯಿತು.

ಒಬ್ಬ ಎಂಜಿನಿಯರ್ ಮಾತ್ರ ಸಿಡುಕಿದ. "ನಾನು ಇವತ್ತು ಬೆಳಗ್ಗೆ ಬರೆದ ನಕ್ಷೆ ಎಲ್ಲಿ?"

"ಹೋಯ್ತು. ನಿನ್ನೆ ಊಟದ ಹೊತ್ತಿನವರೆಗಿನದು ಮಾತ್ರ ಇದೆ. ಮತ್ತೆ ಬರೀಬೇಕು."

ಮರುದಿನದಿಂದ ದಿನಕ್ಕೆ ಎರಡು ಸಲ ನಕಲು ತೆಗೆಯುವಂತೆ ಮಾಡಿದಳು.

ಎಲ್ಲರೂ ಹೊಗಳಿದ ಆ ವಾರದ ಶನಿವಾರ ಅವಳು ಯಾರಿಗೂ ಹೇಳದೆ ಬಸ್ಸು ಹತ್ತಿ ವರ್ಕ್‌ಶಾಪಿಗೆ ಹೋದಳು. ಕೆಲಸ ಮುಗಿದ ಮೇಲೆ ಮತ್ತೆ ಅಲ್ಲಿಗೇ ಕಳಿಸಿದ್ದ ನಕಲಿನ ಡಿಸ್ಕಿನ ಪ್ಲಗ್ ಕಿತ್ತು ನೆಲದ ಮೇಲೆ ಬಿದ್ದಿತ್ತು. ಅದರ ಜಾಗದಲ್ಲಿ ಫೋರ್‌ಮನ್ನನ ಫೋನ್ ಚಾರ್ಜಿಗೆ ನಿಂತಿತ್ತು.

"ಐದೇ ನಿಮಿಷ ಅಕ್ಕ, ಈಗಷ್ಟೇ ಹಾಕಿದ್ದು" ಎಂದ ಫೋರ್‌ಮನ್.

ಅವಳು ಫೋನನ್ನು ಎತ್ತಿ ನೋಡಿದಳು. ಚಾರ್ಜ್ ಪೂರ್ತಿ ತುಂಬಿತ್ತು.